ಸೊಳ್ಳೆಮರಿಯ ಕರುಳಿನಲ್ಲಿ ಸಿರೊಟೋನಿನ್‌ಗೆ ಏನು ಕೆಲಸ?

ಮಳೆಗಾಲದಲ್ಲಿ ಕಾರವಾರದ ಯಾವುದಾದರೂ ಓಣಿಯಲ್ಲಿ ಇಬ್ಬರಿಗೆ ಡೆಂಗಿ ಅಂತ ಗೊತ್ತಾದರೆ ಸಾಕು, 'ಫಾಗಿಂಗ್ ಯಾವಾಗ?' ಎಂಬ ಪ್ರಶ್ನೆ ಶುರು. ವಾರ್ಡಿನ ಸದಸ್ಯರಿಗೆ ಫೋನು ಹೋಗುತ್ತದೆ, ಸಂಜೆ ಹೊತ್ತಿಗೆ ಗಾಡಿ ಬಂದು ಬಿಳಿ ಹೊಗೆ ಬಿಟ್ಟು ಹೋಗುತ್ತದೆ, ಎಲ್ಲರಿಗೂ ಏನೋ ಸಮಾಧಾನ. ಆ ಹೊಗೆ ಹಾರಾಡುವ ಸೊಳ್ಳೆಗೆ ತಾಗಿದರೆ ತಾಗಿತು. ಸಮುದ್ರದ ಗಾಳಿ ಜೋರಿದ್ದ ದಿನ ಅದೂ ಇಲ್ಲ. ಬಕೆಟ್ಟಿನ ತಳದಲ್ಲಿ, ಟೈರಿನ ಒಳಗೆ, ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ ಆರಾಮಾಗಿ ಮೇಯುತ್ತಿರುವ ಮರಿಗಳಿಗಂತೂ ಇದರಿಂದ ಕೂದಲೂ ಕೊಂಕುವುದಿಲ್ಲ. ಒಂದೇ ವಾರದಲ್ಲಿ ಅವು ರೆಕ್ಕೆ ಬಿಚ್ಚಿ ಬರುತ್ತವೆ.

ಹಾಗಾಗಿ ಮರಿಯ ಬಗ್ಗೆ ಮಾತಾಡೋಣ. ಅದರಲ್ಲೂ ಮರಿಯ ಹೊಟ್ಟೆಯ ಬಗ್ಗೆ. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ವಿಜ್ಞಾನಿಗಳು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಯ ಕರುಳನ್ನು ಬಿಡಿಸಿ ನೋಡಿ ಒಂದು ವಿಷಯ ಕಂಡುಕೊಂಡಿದ್ದಾರೆ. ಆ ಕರುಳು ಕೆಲಸ ಮಾಡುವುದಕ್ಕೆ ಸಿರೊಟೋನಿನ್ ಬೇಕು. ಹೌದು, ನಮ್ಮಲ್ಲಿ ಖಿನ್ನತೆಯ ಮಾತ್ರೆ ಬಗ್ಗೆ ಮಾತು ಬಂದಾಗ ಕೇಳುವ ಅದೇ ಸಿರೊಟೋನಿನ್. ಇದನ್ನು ಓದಿದ ಕೂಡಲೇ ಯಾರಿಗಾದರೂ ಹೊಳೆಯುವ ಯೋಚನೆ ಎಂದರೆ, ಆ ಸಿರೊಟೋನಿನ್ ಕೆಲಸ ಮಾಡದ ಹಾಗೆ ತಡೆದುಬಿಟ್ಟರೆ ಮರಿ ಸಾಯುತ್ತದೆ ಅಲ್ವಾ? ಯೋಚನೆ ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಒಂದು ದೊಡ್ಡ ತೊಡಕಿದೆ. ಅಷ್ಟಾಗಿ ಯಾರೂ ಮಾತಾಡದ ಆ ತೊಡಕನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಮೊದಲು ಸಿರೊಟೋನಿನ್ ಬಗ್ಗೆ ಸ್ವಲ್ಪ. ಇದು ಮಿದುಳಿನ ರಾಸಾಯನಿಕ ಎಂದೇ ಜಾಸ್ತಿ ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಇದು ಮೊದಲು ಸಿಕ್ಕಿದ್ದು ಕರುಳಿನಲ್ಲಿ. 1930ರ ದಶಕದಲ್ಲಿ ಇಟಲಿಯ ವಿಟ್ಟೋರಿಯೊ ಎರ್ಸ್ಪಾಮರ್ ಕರುಳಿನ ಒಳಪದರದ ಕೋಶಗಳಿಂದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ಎಂಟೆರಮಿನ್ ಎಂದು ಹೆಸರಿಟ್ಟರು. 1948ರಲ್ಲಿ ಅಮೆರಿಕದಲ್ಲಿ ರಾಪೋರ್ಟ್, ಗ್ರೀನ್ ಮತ್ತು ಪೇಜ್ ಎಂಬ ಮೂವರು ರಕ್ತದಿಂದ ತೆಗೆದ ಸಿರೊಟೋನಿನ್ ಕೂಡ ಅದೇ ಎಂದು ಆಮೇಲೆ ಗೊತ್ತಾಯಿತು. ಮಿದುಳಿನಲ್ಲಿ ಇದೆ ಎಂದು ತೋರಿಸಿದ್ದು ಬೆಟ್ಟಿ ಟ್ವಾರೊಗ್, 1953ರಲ್ಲಿ. ಅವರು ಅಲ್ಲಿಗೆ ಹೋಗಿ ಮುಟ್ಟಿದ ದಾರಿ ನಮ್ಮ ಕರಾವಳಿಯವರಿಗೆ ಇಷ್ಟವಾಗಬಹುದು. ಅವರು ಮೊದಲು ಅಧ್ಯಯನ ಮಾಡುತ್ತಿದ್ದದ್ದು ಸಮುದ್ರದ ಚಿಪ್ಪಿಯನ್ನು. ನಾವು ಸುಕ್ಕಾ ಮಾಡಿ ತಿನ್ನುವ ಜಾತಿಯದೇ ನೆಂಟ. ಚಿಪ್ಪಿಯನ್ನು ಬಂಡೆಗೆ ಬಿಗಿಯಾಗಿ ಎಳೆದು ಹಿಡಿಯುವ ಸ್ನಾಯು ಸಡಿಲವಾಗುವುದು ಸಿರೊಟೋನಿನ್‌ನಿಂದ ಎಂದು ಕಂಡುಕೊಂಡ ಮೇಲೆಯೇ, ಹಾಗಾದರೆ ಮಿದುಳಿನಲ್ಲೂ ಇರಬಹುದು ಎಂದು ಹುಡುಕಿದ್ದು.

ಮನುಷ್ಯನ ದೇಹದ ಸಿರೊಟೋನಿನ್‌ನಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಹೊಟ್ಟೆ-ಕರುಳಿನಲ್ಲೇ. ವಾಂತಿ ನಿಲ್ಲಿಸಲು ಡಾಕ್ಟರು ಕೊಡುವ ಒಂಡಾನ್ಸೆಟ್ರಾನ್ ಮಾತ್ರೆ ನೆನಪಿರಬಹುದು, ಅದು ತಡೆಯುವುದು ಸಿರೊಟೋನಿನ್‌ನ ಒಂದು ರಿಸೆಪ್ಟರನ್ನೇ.

ರಿಸೆಪ್ಟರ್ ಅಂದರೆ ಜೀವಕೋಶದ ಹೊರಪೊರೆಯಲ್ಲಿ ಕೂತಿರುವ ಒಂದು ಪ್ರೋಟೀನು. ಸಿರೊಟೋನಿನ್ ಕೋಶದ ಒಳಗೆ ಹೋಗಿ ಏನೂ ಮಾಡುವುದಿಲ್ಲ. ಹೊರಗಿನಿಂದ ಬಂದು ರಿಸೆಪ್ಟರಿಗೆ ಅಂಟಿಕೊಳ್ಳುತ್ತದೆ, ಆಗ ರಿಸೆಪ್ಟರಿನ ಒಳತುದಿಯ ಆಕಾರ ಸ್ವಲ್ಪ ಬದಲಾಗುತ್ತದೆ, ಅದರಿಂದ ಕೋಶದೊಳಗೆ ಒಂದರ ಹಿಂದೆ ಒಂದು ಬದಲಾವಣೆ ನಡೆಯುತ್ತದೆ. ಇಲ್ಲಿ ಗಮನಿಸಬೇಕಾದದ್ದು ಇಷ್ಟು: ಸಿರೊಟೋನಿನ್ ಒಂದೇ ಆದರೂ ರಿಸೆಪ್ಟರುಗಳು ಹಲವು. ಮನುಷ್ಯರಲ್ಲಿ ಏಳು ಕುಟುಂಬಗಳಿವೆ. ಹಣ್ಣಿನ ನೊಣದಲ್ಲಿ ಐದು ರಿಸೆಪ್ಟರುಗಳು. ಸೊಳ್ಳೆಯಲ್ಲೂ ಇದೇ ಗುಂಪಿನವು ಇವೆ. ಯಾವ ಕೋಶದಲ್ಲಿ ಯಾವ ರಿಸೆಪ್ಟರ್ ಇದೆ ಎನ್ನುವುದರ ಮೇಲೆ ಸಿರೊಟೋನಿನ್ ಬಂದಾಗ ಅಲ್ಲಿ ಏನಾಗುತ್ತದೆ ಎನ್ನುವುದು ನಿಂತಿದೆ. ಒಂದು ಕಡೆ ಸ್ನಾಯು ಕುಗ್ಗುತ್ತದೆ, ಇನ್ನೊಂದು ಕಡೆ ಉಪ್ಪು-ನೀರು ದಾಟುತ್ತದೆ, ಮತ್ತೊಂದು ಕಡೆ ಹಾರ್ಮೋನು ಬಿಡುಗಡೆಯಾಗುತ್ತದೆ.

ಈಗ ಮರಿಯ ಕರುಳಿಗೆ ಬರೋಣ. ಬರಿಗಣ್ಣಿಗೆ ಕಾಣುವ ದೊಡ್ಡ ಮರಿಯನ್ನು ಬಿಳಿ ತಟ್ಟೆಯಲ್ಲಿಟ್ಟು ನೋಡಿದರೆ ಮೈಯುದ್ದಕ್ಕೂ ಒಂದು ಕಪ್ಪು ಗೆರೆ ಕಾಣುತ್ತದೆ. ಅದೇ ಕರುಳು, ಒಳಗೆ ತಿಂದ ಕಸ ತುಂಬಿರುತ್ತದೆ. ಮುಂದುಗಡೆ ಎಂಟು ಪುಟ್ಟ ಚೀಲಗಳು, ಆಮೇಲೆ ನಡುಕರುಳಿನ ಮುಂಭಾಗ, ಅದಾದ ಮೇಲೆ ಹಿಂಭಾಗ. ಅಲ್ಲಿಂದ ಐದು ಸಣ್ಣ ನಳಿಕೆಗಳು ಹೊರಡುತ್ತವೆ, ಮಾಲ್ಪೀಜಿಯನ್ ನಳಿಕೆಗಳು ಎಂದು ಶಾಲೆಯಲ್ಲಿ ಜಿರಲೆಯ ಚಿತ್ರ ಬರೆದವರಿಗೆಲ್ಲ ನೆನಪಿರಬಹುದು. ಮೂತ್ರಪಿಂಡದ ಕೆಲಸ ಅವುಗಳದ್ದು. ಕೊನೆಗೆ ಹಿಂಗರುಳು.

ಇದರಲ್ಲಿ ವಿಚಿತ್ರವಾದದ್ದು ನಡುಕರುಳಿನ ಮುಂಭಾಗ. ನಮ್ಮ ಜಠರದಲ್ಲಿ ಆಮ್ಲ ಇರುತ್ತದೆ, ಪಿಎಚ್ ಸುಮಾರು 1.5ರಿಂದ 3. ಸೊಳ್ಳೆಮರಿಯಲ್ಲಿ ಪೂರ್ತಿ ಉಲ್ಟಾ. ಅಲ್ಲಿ ಪಿಎಚ್ 10 ದಾಟುತ್ತದೆ. ಬಟ್ಟೆ ಒಗೆಯುವ ಸೋಪಿನ ನೀರನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಊಟ ಜೀರ್ಣ ಮಾಡಿಕೊಂಡ ಹಾಗೆ. ಅದೂ ಆ ಭಾಗದಲ್ಲಿ ಮಾತ್ರ. ಅಲ್ಲಿಂದ ಒಂದೆರಡು ಮಿಲಿಮೀಟರ್ ಹಿಂದೆ ಹೋದರೆ ಪಿಎಚ್ ಮತ್ತೆ 7-8ಕ್ಕೆ ಇಳಿದಿರುತ್ತದೆ. ಪಿಎಚ್‌ನಲ್ಲಿ ಒಂದು ಅಂಕಿ ಅಂದರೆ ಹತ್ತು ಪಟ್ಟು ವ್ಯತ್ಯಾಸ, ಮೂರು ಅಂಕಿ ಅಂದರೆ ಸಾವಿರ ಪಟ್ಟು. ಒಂದೇ ಕೊಳವೆಯೊಳಗೆ, ನಡುವೆ ಬಾಗಿಲಿಲ್ಲ, ಗೋಡೆಯಿಲ್ಲ, ಆದರೂ ಸಾವಿರ ಪಟ್ಟಿಗೂ ಹತ್ತಿರದ ವ್ಯತ್ಯಾಸ. ಇದನ್ನು ಉಳಿಸಿಕೊಳ್ಳಲು ಆ ಕೋಶಗಳು ಹಗಲೂ ರಾತ್ರಿ ದುಡಿಯಬೇಕು.

ಅಷ್ಟು ಕ್ಷಾರ ಯಾಕೆ ಬೇಕು? ಶಿರಸಿ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಗೊತ್ತಲ್ಲ, ಆ ಕೆಂಪು-ಕಂದು ಬಣ್ಣ, ಆ ಒಗರು, ಅದರಲ್ಲಿರುವುದು ಟ್ಯಾನಿನ್. ಟ್ಯಾನಿನ್‌ನ ಸ್ವಭಾವ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುವುದು. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ಮಳೆನೀರು ನಿಂತು, ಎಲೆ-ಸಿಪ್ಪೆ ಕೊಳೆತು, ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅಂಥ ನೀರಿನಲ್ಲೇ ಏಷ್ಯನ್ ಟೈಗರ್ ಎನ್ನುವ ಈಡಿಸ್ ಅಲ್ಬೊಪಿಕ್ಟಸ್ ಮರಿಗಳು ಬೆಳೆಯುತ್ತವೆ. ಕೊಳೆತ ಎಲೆಯ ಚೂರು, ಅದರ ಮೇಲಿನ ಬ್ಯಾಕ್ಟೀರಿಯಾ, ಪಾಚಿ, ಇವೇ ಅವುಗಳ ಊಟ. ಊಟದ ಜೊತೆ ಟ್ಯಾನಿನ್ನೂ ಹೋಗುತ್ತದೆ. ಆಮ್ಲದಲ್ಲಿ ಅಥವಾ ಸಾದಾ ನೀರಿನಲ್ಲಿ ಟ್ಯಾನಿನ್ ಪ್ರೋಟೀನನ್ನು ಬಿಡುವುದಿಲ್ಲ, ಜೀರ್ಣ ಮಾಡುವ ಎಂಜೈಮುಗಳಿಗೂ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಕ್ಷಾರ ಜೋರಾಗಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಎಲೆ ತಿನ್ನುವ ಎಷ್ಟೋ ಕಂಬಳಿಹುಳಗಳ ಹೊಟ್ಟೆಯೂ ಹೀಗೇ ಕ್ಷಾರದ್ದು, ಅದಕ್ಕೂ ಇದೇ ಕಾರಣ ಎಂದು ಬಲ್ಲವರು ಹೇಳುತ್ತಾರೆ. ಸೊಳ್ಳೆಮರಿಯ ಜೀರ್ಣರಸಗಳೂ ಇಂಥ ಕ್ಷಾರದಲ್ಲೇ ಚೆನ್ನಾಗಿ ಕೆಲಸ ಮಾಡುವಂಥವು, ಇದು 1975ರಷ್ಟು ಹಿಂದೆಯೇ ವರದಿಯಾಗಿದೆ.

ಈ ಕ್ಷಾರ ಹೇಗೆ ತಯಾರಾಗುತ್ತದೆ ಎನ್ನುವುದರಲ್ಲೇ ಸಿರೊಟೋನಿನ್ ಬರುವುದು. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಡೇವಿಡ್ ಮೊಫೆಟ್, ಸ್ಟೇಸಿಯಾ ಮೊಫೆಟ್, ಹಾರ್ಸ್ಟ್ ಓಂಕೆನ್ ಮತ್ತು ಅವರ ಜೊತೆಗಾರರು ಈ ಕೆಲಸಕ್ಕೆ ವರ್ಷಗಟ್ಟಲೆ ಕೂತರು. ಮರಿಯ ಕರುಳಿನ ಮುಂಭಾಗವನ್ನು ಕತ್ತರಿಸಿ ತೆಗೆದು, ಅದರ ಎರಡೂ ತುದಿಗೆ ಸಣ್ಣ ಗಾಜಿನ ಕೊಳವೆ ಕಟ್ಟಿ, ಒಳಗೊಂದು ದ್ರಾವಣ, ಹೊರಗೊಂದು ದ್ರಾವಣ ಹರಿಸಿ ಅಳೆಯುವುದು. ಮರಿ ಇಡಿಯಾಗಿ ಇರುವುದೇ ಏಳೆಂಟು ಮಿಲಿಮೀಟರ್, ಅದರ ಕರುಳಿನ ಒಂದು ತುಂಡಿಗೆ ಕೊಳವೆ ಕಟ್ಟುವುದೆಂದರೆ! ಹಾಗೆ ಬಿಡಿಸಿದ ಕರುಳಿನಲ್ಲಿ ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ ಸ್ವಲ್ಪ ಹೊತ್ತಿಗೇ ಕುಸಿದುಬಿಡುತ್ತದೆ. ಕೋಶಗಳು ಸತ್ತಿಲ್ಲ, ಆದರೂ ಕೆಲಸ ನಿಂತಿದೆ. ಆಗ ಹೊರಗಿನ ದ್ರಾವಣಕ್ಕೆ ಒಂದಿಷ್ಟೇ ಇಷ್ಟು ಸಿರೊಟೋನಿನ್ ಸೇರಿಸಿದರೆ ವೋಲ್ಟೇಜು ಮತ್ತೆ ಏರುತ್ತದೆ. ಇದು 1999ರಲ್ಲಿ ಪ್ರಕಟವಾದ ಕೆಲಸ. ಸುಮಾರು ಹತ್ತು ವರ್ಷದ ನಂತರ ಅದೇ ಗುಂಪು ಕರುಳಿನೊಳಗೆ ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಒಂದು ಡೈ ತುಂಬಿಸಿ ನೋಡಿತು. ಸಿರೊಟೋನಿನ್ ಕೊಟ್ಟಾಗ ಒಳಗಿನ ದ್ರಾವಣ ಕ್ಷಾರದ ಬಣ್ಣಕ್ಕೆ ತಿರುಗಿತು, ಅದೂ ಕೆಲವೇ ನಿಮಿಷಗಳಲ್ಲಿ.

ಕೋಶದೊಳಗೆ ನಡೆಯುವುದು ಹೀಗೆ. ನೀರಿನಲ್ಲಿ ಆಮ್ಲದ ಗುಣ ಬರುವುದು ಹೈಡ್ರೋಜನ್ ಅಯಾನುಗಳಿಂದ. ಕರುಳಿನ ಒಳಗಡೆ ಕ್ಷಾರ ಬೇಕೆಂದರೆ ಅವನ್ನು ಅಲ್ಲಿಂದ ಎತ್ತಿ ರಕ್ತದ ಕಡೆಗೆ ಸಾಗಿಸಬೇಕು. ಈ ಕೆಲಸಕ್ಕೆ ವಿ-ಎಟಿಪೇಸ್ ಎಂಬ ಪಂಪ್ ಇದೆ, ಮುಂಭಾಗದ ಕೋಶಗಳಲ್ಲಿ ಅದು ಇರುವುದು ರಕ್ತದ ಕಡೆಯ ಪೊರೆಯಲ್ಲಿ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಇರುವುದು ಕರುಳಿನ ಒಳಗಡೆಯ ಪೊರೆಯಲ್ಲಿ. ನಮ್ಮ ದೇಹದ ಬಹುಪಾಲು ಕೋಶಗಳಲ್ಲಿ ಇದು ಇರುವ ಜಾಗಕ್ಕೆ ಸರಿಯಾಗಿ ಉಲ್ಟಾ. ಇನ್ನೂ ತಮಾಷೆ ಎಂದರೆ ಅದೇ ಮರಿಯ ಕರುಳಿನ ಹಿಂಭಾಗಕ್ಕೆ ಹೋದರೆ ಎರಡೂ ಪಂಪುಗಳು ಜಾಗ ಅದಲು-ಬದಲು ಮಾಡಿಕೊಂಡಿರುತ್ತವೆ. ಹಾಗಾಗಿಯೇ ಮುಂದೆ ಕ್ಷಾರ, ಹಿಂದೆ ಸಾದಾ. ವಿ-ಎಟಿಪೇಸನ್ನು ತಡೆಯುವ ಔಷಧ ಹಾಕಿದರೆ ಸಿರೊಟೋನಿನ್ ಎಷ್ಟೇ ಕೊಟ್ಟರೂ ಕ್ಷಾರ ಏರುವುದಿಲ್ಲ. ಅಂದರೆ ದುಡಿಯುವುದು ಪಂಪು, ದುಡಿ ಎಂದು ಹೇಳುವುದು ಸಿರೊಟೋನಿನ್.

ಹೇಳುವವರು ಯಾಕೆ ಬೇಕು, ಪಂಪು ಸದಾ ಓಡುತ್ತಲೇ ಇರಬಾರದೇ ಎಂದು ಕೇಳಬಹುದು. ಪಂಪುಗಳು ಶಕ್ತಿಯನ್ನು ತಿನ್ನುತ್ತವೆ. ಹೊಟ್ಟೆ ಖಾಲಿ ಇದ್ದಾಗ, ಮರಿ ಪೊರೆ ಕಳಚುವಾಗ, ಆಮೇಲೆ ಊಟವನ್ನೇ ಬಿಟ್ಟು ಪ್ಯೂಪಾ ಆಗುವಾಗ ಅಷ್ಟು ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ. ಅದಕ್ಕೇ ಕರುಳಿನ ಸುತ್ತ ಸಿರೊಟೋನಿನ್ ಇರುವ ನರದ ಎಳೆಗಳು ಬಲೆಯ ಹಾಗೆ ಹಬ್ಬಿವೆ. ಇದೇ ಸಿರೊಟೋನಿನ್ ಕರುಳಿನ ಸ್ನಾಯುಗಳ ಚಲನೆಯನ್ನೂ ಜೋರು ಮಾಡುತ್ತದೆ. ಊಟ ಮುಂದೆ ತಳ್ಳುವುದು, ಕಲಸುವುದು, ಕ್ಷಾರ ಏರಿಸುವುದು ಎಲ್ಲವೂ ಹೀಗೆ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ.

ಇನ್ನು ಯಾವ ರಿಸೆಪ್ಟರ್ ಎಂಬ ಪ್ರಶ್ನೆ. ಟೆಕ್ಸಸ್‌ನ ಪೆಟ್ರಿಸಿಯಾ ಪಿಯೆಟ್ರಾಂಟೋನಿಯೊ ಅವರ ತಂಡ 2001ರಲ್ಲಿ ಈಡಿಸ್ ಈಜಿಪ್ಟೈ ಸೊಳ್ಳೆಯಿಂದ ಏಳನೇ ಕುಟುಂಬಕ್ಕೆ ಸೇರಿದ ಒಂದು ಸಿರೊಟೋನಿನ್ ರಿಸೆಪ್ಟರಿನ ಜೀನನ್ನು ಬೇರ್ಪಡಿಸಿತು. ಹೆಣ್ಣು ಸೊಳ್ಳೆಯ ಮಾಲ್ಪೀಜಿಯನ್ ನಳಿಕೆಗಳ ಸುತ್ತಲಿನ ಉಸಿರುನಳಿಕೆಯ ಕೋಶಗಳಲ್ಲಿ ಅದು ಕಂಡಿತು. ಈ ಕುಟುಂಬದ ರಿಸೆಪ್ಟರುಗಳು ಸಾಮಾನ್ಯವಾಗಿ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕದ ಪ್ರಮಾಣವನ್ನು ಏರಿಸುತ್ತವೆ. ಮುಂದೆ 2016ರಲ್ಲಿ ಆನಾ ಪೆಟ್ರೋವಾ ಮತ್ತು ಡೇವಿಡ್ ಮೊಫೆಟ್ ಮರಿಯ ಕರುಳನ್ನು ಉದ್ದಕ್ಕೂ ಹುಡುಕಿ, ರಿಸೆಪ್ಟರ್ ಯಾವ್ಯಾವ ಭಾಗದಲ್ಲಿ ಕೂತಿದೆ ಎಂದು ಬಣ್ಣ ಹಚ್ಚಿ ತೋರಿಸಿದರು. ಅದು ಒಂದೇ ಕಡೆ ಇರಲಿಲ್ಲ. ಜೀರ್ಣಕ್ಕೂ, ದೇಹದ ಉಪ್ಪು-ನೀರಿನ ಹದಕ್ಕೂ, ಎರಡಕ್ಕೂ ಇದು ಸಂಬಂಧಪಟ್ಟಿದೆ ಎಂಬುದೇ ಆ ಲೇಖನದ ತಾತ್ಪರ್ಯ.

ಉಪ್ಪು-ನೀರಿನ ವಿಷಯ ಬಂತಲ್ಲ, ಇಲ್ಲಿ ಕರಾವಳಿಯವರು ಕಿವಿ ನಿಮಿರಿಸಬೇಕು. ಸಿಹಿನೀರಿನಲ್ಲಿರುವ ಮರಿಗೆ ದೇಹದೊಳಗೆ ನೀರು ನುಗ್ಗುತ್ತಲೇ ಇರುತ್ತದೆ, ಉಪ್ಪು ಸೋರಿ ಹೋಗುತ್ತಿರುತ್ತದೆ. ಸವಳು ನೀರಿನಲ್ಲಿ ಸಮಸ್ಯೆಯೇ ಬೇರೆ. 1990ರ ದಶಕದ ಕೊನೆಗೆ ಕ್ಲಾರ್ಕ್ ಮತ್ತು ಬ್ರಾಡ್ಲಿ ಎಂಬಿಬ್ಬರು ಈಡಿಸ್ ಮರಿಗಳನ್ನು ಸಿಹಿನೀರಿನಿಂದ ಉಪ್ಪು ಜಾಸ್ತಿ ಇರುವ ನೀರಿಗೆ ಹಾಕಿದಾಗ ಅವುಗಳ ರಕ್ತದಲ್ಲಿ ಸಿರೊಟೋನಿನ್ ಏರುವುದನ್ನು ಕಂಡರು. ಅದರಿಂದ ಮಾಲ್ಪೀಜಿಯನ್ ನಳಿಕೆಗಳು ಹೆಚ್ಚು ದ್ರವ ಹೊರಹಾಕತೊಡಗುತ್ತವೆ. ಅಂದರೆ ಉಪ್ಪಿನ ಪೆಟ್ಟನ್ನು ತಾಳಿಕೊಳ್ಳಲು ಮರಿ ಬಳಸುವ ಉಪಾಯಗಳಲ್ಲಿ ಸಿರೊಟೋನಿನ್ನೂ ಒಂದು.

ಡೆಂಗಿ ಸೊಳ್ಳೆ ಬರೀ ಶುದ್ಧ ಸಿಹಿನೀರಿನಲ್ಲಿ ಮಾತ್ರ ಎಂದು ಪೋಸ್ಟರುಗಳಲ್ಲಿ ಓದುತ್ತಾ ಬಂದಿದ್ದೇವೆ. ಜಾಸ್ತಿ ಮಟ್ಟಿಗೆ ನಿಜವೇ. ಆದರೆ ಶ್ರೀಲಂಕಾದ ಕರಾವಳಿಯಲ್ಲಿ ಈಡಿಸ್ ಈಜಿಪ್ಟೈ ಮತ್ತು ಅಲ್ಬೊಪಿಕ್ಟಸ್ ಎರಡೂ ಸವಳು ನೀರಿನ ಬಾವಿಗಳಲ್ಲಿ, ಬಿಸಾಡಿದ ಡಬ್ಬಿಗಳಲ್ಲಿ ಮರಿ ಮಾಡಿದ್ದು 2011ರಲ್ಲಿ ಪ್ರಕಟವಾಗಿದೆ. ನಮ್ಮಲ್ಲಿ ಅಂಥ ಜಾಗಕ್ಕೆ ಬರವೇ? ಕಾಳಿ ನದಿಯ ಅಳಿವೆ ಇದೆ. ಕುಮಟಾ ಕಡೆ ಅಘನಾಶಿನಿಯ ಎರಡೂ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದೇ ಅಲ್ಲಿಗೆ ಉಪ್ಪುನೀರು ಬರುತ್ತದೆ ಎಂದು. ಗೋಕರ್ಣದ ಪಕ್ಕ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ, ಆಗ ಬೈತಖೋಲದಿಂದ ಹೊನ್ನಾವರದವರೆಗೆ ಬೋಟುಗಳು ಕೈಕಟ್ಟಿ ನಿಂತಿರುತ್ತವೆ, ಅವುಗಳ ಪಕ್ಕೆಗೆ ಪೆಟ್ಟು ತಾಗದಂತೆ ನೇತುಹಾಕಿದ ಹಳೇ ಟೈರುಗಳಲ್ಲಿ ಮಳೆನೀರೂ ಸಮುದ್ರದ ಸಿಡಿತವೂ ಬೆರೆತು ನಿಂತಿರುತ್ತದೆ. ಗಜನಿಯ ಬಯಲು ನೀರಿನಲ್ಲಿ ಮೀನು, ಸಿಗಡಿ ಇರುತ್ತವೆ, ಅವು ಮರಿಗಳನ್ನು ನೋಡಿಕೊಳ್ಳುತ್ತವೆ. ನನಗೆ ಅನುಮಾನ ಇರುವುದು ಟೈರುಗಳ ಮೇಲೆ. ಲಾರ್ವಾ ಅಂದರೆ ಮರಿಗಳ ಸಮೀಕ್ಷೆಗೆ ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗುತ್ತಾರೆ, ಬೋಟು ನಿಲ್ಲುವ ಧಕ್ಕೆಗೂ ಹೋಗಬೇಕು. ಸವಳು ಎಂದು ಬಿಟ್ಟುಬಿಡುವ ಹಾಗಿಲ್ಲ.

ಸಿರೊಟೋನಿನ್ ಬೆಳವಣಿಗೆಗೂ ಬೇಕು ಎನ್ನುವುದಕ್ಕೆ ಇನ್ನೊಂದು ಪುರಾವೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಲಿಂಗ್ ಮತ್ತು ರೈಖೆಲ್ 2018ರಲ್ಲಿ ಎರಡನೇ ಕುಟುಂಬದ ಒಂದು ಸಿರೊಟೋನಿನ್ ರಿಸೆಪ್ಟರಿನ ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ವಿಧಾನದಿಂದ ಕೆಡಿಸಿದರು. ಆ ರಿಸೆಪ್ಟರ್ ಇರುವುದು ಸೊಳ್ಳೆಯ ಕೊಬ್ಬಿನ ಅಂಗದಲ್ಲಿ, ಇನ್ಸುಲಿನ್ ಥರದ ಹಾರ್ಮೋನುಗಳ ಮೇಲೆ ಅದರ ಹಿಡಿತ. ಅದು ಕೆಟ್ಟಾಗ ಸೊಳ್ಳೆಗಳ ಬೆಳವಣಿಗೆ ತಡವಾಯಿತು, ಗಾತ್ರ ಚಿಕ್ಕದಾಯಿತು. ಸತ್ತೇ ಹೋಗಲಿಲ್ಲ ಎನ್ನುವುದನ್ನು ಗಮನಿಸಿ.

ಸರಿ, ಹಾಗಾದರೆ ಇಂಥ ರಿಸೆಪ್ಟರನ್ನು ತಡೆಯುವ ಔಷಧ ಮಾಡಬಹುದಲ್ವಾ? ಈ ದಾರಿ ಹೊಸದೇನೂ ಅಲ್ಲ. ಮನುಷ್ಯರ ಔಷಧಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕೆಲಸ ಮಾಡುವುದು ಇಂಥ ರಿಸೆಪ್ಟರುಗಳು ಸೇರಿದ ಜಿ-ಪ್ರೋಟೀನ್ ರಿಸೆಪ್ಟರ್ ಎಂಬ ದೊಡ್ಡ ಗುಂಪಿನ ಮೇಲೆ. ಕೀಟದ ಲೋಕದಲ್ಲೂ ಉದಾಹರಣೆ ಇದೆ, ನಮ್ಮ ಕೊಟ್ಟಿಗೆಯಲ್ಲೇ. ದನಗಳ ಮೈಯ ಉಣುಗಿಗೆ ನೀರಲ್ಲಿ ಕಲಸಿ ಹಚ್ಚುವ ಅಮಿಟ್ರಾಜ್ ಇದೆಯಲ್ಲ, ಅದು ತಾಗುವುದು ಆಕ್ಟೋಪಮೈನ್ ಎಂಬ ರಾಸಾಯನಿಕದ ರಿಸೆಪ್ಟರಿಗೆ. ಆಕ್ಟೋಪಮೈನ್ ರಿಸೆಪ್ಟರುಗಳು ಕೀಟ, ಉಣುಗುಗಳಂಥವುಗಳಿಗೆ ಸೇರಿದ್ದು, ದನಕ್ಕೂ ನಮಗೂ ಅವು ಇಲ್ಲ. ಹಾಗಾಗಿ ಅಳತೆ ಮೀರದಿದ್ದರೆ ಉಣುಗಿಗೆ ಪೆಟ್ಟು, ದನಕ್ಕೆ ಹೆಚ್ಚೇನೂ ತೊಂದರೆಯಿಲ್ಲ. ಸಿರೊಟೋನಿನ್‌ನಲ್ಲಿ ಈ ಅನುಕೂಲ ಇಲ್ಲ. ಅದು ಚಿಪ್ಪಿಗೂ ಬೇಕು, ಸಿಗಡಿಗೂ ಬೇಕು, ಗಪ್ಪಿ ಮೀನಿಗೂ ಬೇಕು, ಆ ನೀರು ಕುಡಿಯುವ ಮನುಷ್ಯನಿಗೂ ಬೇಕು. ಏಳನೇ ಕುಟುಂಬದ ರಿಸೆಪ್ಟರ್ ನಮ್ಮಲ್ಲೂ ಇದೆ. ಸೊಳ್ಳೆಯದನ್ನು ಮಾತ್ರ ಹಿಡಿದು ನಮ್ಮದನ್ನು ಬಿಡುವ ಅಣುವನ್ನು ಮಾಡುವುದು ಅಸಾಧ್ಯವಲ್ಲ, ಎರಡರ ರಚನೆಯಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ ಕುಡಿಯುವ ನೀರಿನ ಡ್ರಮ್ಮಿಗೆ ಹಾಕುವ ವಸ್ತು ಎಂದಾಗ ಪರೀಕ್ಷೆ ಎಷ್ಟು ಬಿಗಿ ಇದ್ದರೂ ಕಡಿಮೆಯೇ.

ಇದು ತೊಡಕಿನ ಅರ್ಧ ಮಾತ್ರ. ಉಳಿದರ್ಧ ಬಿಟಿಐನಲ್ಲಿದೆ.

ಬಿಟಿಐ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್, ಒಂದು ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ಗುಂಡಿಯಲ್ಲಿ ಸತ್ತು ತೇಲುತ್ತಿದ್ದ ಸೊಳ್ಳೆಮರಿಗಳಿಂದ ಸಿಕ್ಕಿದ್ದು. ಈಗ ಮರಿ ಕೊಲ್ಲುವ ಮದ್ದಾಗಿ ಪುಡಿ, ದ್ರವ, ಹರಳು ಎಲ್ಲ ರೂಪದಲ್ಲೂ ಸಿಗುತ್ತದೆ. ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ನಮ್ಮ ದೇಶದ್ದೇ ಆದ ಒಂದು ತಳಿಯನ್ನು ಬೆಳೆಸಿದೆ. ಪಕ್ಕದ ಗೋವಾದಲ್ಲಿ 1990ರ ದಶಕದಲ್ಲಿ ಕಟ್ಟಡ ಕಟ್ಟುವ ಜಾಗಗಳಲ್ಲಿ ಮಲೇರಿಯಾ ಸೊಳ್ಳೆಯ ಮರಿಗಳ ಮೇಲೆ ಇದನ್ನು ಬಳಸಿ ನೋಡಿದ್ದರು. ಈ ಬ್ಯಾಕ್ಟೀರಿಯಾ ತನ್ನೊಳಗೆ ಪ್ರೋಟೀನಿನ ಹರಳೊಂದನ್ನು ಮಾಡಿಟ್ಟುಕೊಳ್ಳುತ್ತದೆ. ಹರಳು ಹರಳಾಗಿಯೇ ಇರುವವರೆಗೆ ವಿಷವಲ್ಲ. ಅದು ಕರಗುವುದಕ್ಕೆ ಜೋರು ಕ್ಷಾರ ಬೇಕು. ನಮ್ಮ ಆಮ್ಲದ ಹೊಟ್ಟೆಯಲ್ಲಿ, ದನದ ಹೊಟ್ಟೆಯಲ್ಲಿ ಅಂಥ ಕ್ಷಾರ ಇಲ್ಲ. ಸೊಳ್ಳೆಮರಿಯ ನಡುಕರುಳಿನ ಮುಂಭಾಗದಲ್ಲಿ ಇದೆ. ಅಲ್ಲಿ ಹರಳು ಕರಗುತ್ತದೆ, ಮರಿಯದೇ ಜೀರ್ಣರಸ ಆ ಪ್ರೋಟೀನನ್ನು ಕತ್ತರಿಸಿ ಚುರುಕು ಮಾಡುತ್ತದೆ, ಆಮೇಲೆ ಅದು ಕರುಳಿನ ಕೋಶಗಳಿಗೆ ತೂತು ಕೊರೆಯುತ್ತದೆ. ಸಾಮಾನ್ಯವಾಗಿ ಒಂದು ದಿನದೊಳಗೆ ಮರಿ ಮುಗಿಯಿತು.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬಿಟಿಐ ಕೆಲಸ ಮಾಡುವುದೇ ಕ್ಷಾರದಿಂದ. ಕ್ಷಾರ ಬರುವುದು ಸಿರೊಟೋನಿನ್ ರಿಸೆಪ್ಟರಿನಿಂದ. ರಿಸೆಪ್ಟರನ್ನು ತಡೆಯುವ ಮದ್ದು ಹಾಕಿದರೆ ಕ್ಷಾರ ಇಳಿಯುತ್ತದೆ, ಕರುಳಿನ ಚಲನೆ ಇಳಿಯುತ್ತದೆ, ಹಾಗೆಯೇ ಮರಿ ತಿನ್ನುವುದೂ ಕಡಿಮೆಯಾಗಬಹುದು. ಆಗ ಬಿಟಿಐ ಹರಳು ಹೊಟ್ಟೆಗೆ ಹೋಗುವುದೇ ಕಡಿಮೆ, ಹೋದದ್ದೂ ಸರಿಯಾಗಿ ಕರಗದೆ ಹಿಂದಿನಿಂದ ಹೊರಬೀಳಬಹುದು. ಈಗ ಕೈಯಲ್ಲಿರುವ ಒಳ್ಳೆಯ ಆಯುಧದ ಮೊನೆಯನ್ನು ಹೊಸ ಆಯುಧವೇ ಮೊಂಡು ಮಾಡಿದ ಹಾಗಾಗುತ್ತದೆ. ಇದು ಕರುಳು ಕೆಲಸ ಮಾಡುವ ರೀತಿಯಿಂದ ನಾನು ಮಾಡಿದ ತರ್ಕ ಅಷ್ಟೇ. ಆದರೆ ಸಿರೊಟೋನಿನ್ ತಡೆಯುವ ಲಾರ್ವಾನಾಶಕದ ಕನಸು ಕಾಣುವವರು ಇದಕ್ಕೆ ಮೊದಲು ಉತ್ತರ ಕೊಡಬೇಕು ಎಂಬುದು ನನ್ನ ವಾದ. ಉಲ್ಟಾ ದಾರಿಯನ್ನೂ ಯೋಚಿಸಬಹುದು. ರಿಸೆಪ್ಟರನ್ನು ತಡೆಯುವ ಬದಲು ಕೆರಳಿಸಿದರೆ? ಕರುಳು ಇನ್ನಷ್ಟು ಜೋರಾಗಿ ಕೆಲಸ ಮಾಡಿ ಬಿಟಿಐಗೇ ನೆರವಾದೀತು. ನನಗೆ ಇದು ಹೆಚ್ಚು ಕುತೂಹಲದ ದಾರಿ ಅನ್ನಿಸುತ್ತದೆ, ಆದರೆ ಸುರಕ್ಷತೆಯ ಪ್ರಶ್ನೆ ಇಲ್ಲೂ ಅಷ್ಟೇ ದೊಡ್ಡದು.

ಪ್ರತಿರೋಧದ ಲೆಕ್ಕವನ್ನೂ ಮರೆಯಬಾರದು. ಬಿಟಿಐ ನಾಲ್ಕು ದಶಕ ಕಳೆದರೂ ಬಾಳಿಕೆ ಬಂದಿರುವುದಕ್ಕೆ ಕಾರಣ ಅದರ ಹರಳಿನಲ್ಲಿ ಒಂದಲ್ಲ, ನಾಲ್ಕು ಮುಖ್ಯ ವಿಷಗಳಿರುವುದು. ಒಂದಕ್ಕೆ ಮರಿ ಒಗ್ಗಿಕೊಂಡರೂ ಇನ್ನೊಂದು ಹಿಡಿಯುತ್ತದೆ. ಅದರಲ್ಲೂ ಸೈಟ್ ಎಂಬ ವಿಷ ಉಳಿದವಕ್ಕೆ ಕೋಶದ ಪೊರೆಯ ಮೇಲೆ ಹಿಡಿತ ಸಿಗುವಂತೆ ಮಾಡುತ್ತದೆ. ಇದರ ದಾಯಾದಿಯಂಥ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಸ್ಫೇರಿಕಸ್ ಎಂದು. ಅದರ ಮುಖ್ಯ ವಿಷ ಒಂದೇ, ಅದು ಕ್ಯೂಲೆಕ್ಸ್ ಎಂಬ ಇನ್ನೊಂದು ಬಗೆಯ ಸೊಳ್ಳೆಯ ಮರಿಯ ಕರುಳಿನಲ್ಲಿ ಅಂಟಿಕೊಳ್ಳುವ ಪ್ರೋಟೀನೂ ಒಂದೇ. ಏನಾಯಿತು? ಕೊಚ್ಚಿಯ ಕ್ಯೂಲೆಕ್ಸ್ ಮರಿಗಳು ಅದಕ್ಕೆ ಜೋರಾಗಿ ಪ್ರತಿರೋಧ ಬೆಳೆಸಿಕೊಂಡದ್ದು 1995ರಲ್ಲೇ ವರದಿಯಾಯಿತು. ಸಿರೊಟೋನಿನ್ ರಿಸೆಪ್ಟರಿನ ಮದ್ದೂ ಒಂದೇ ಗುರಿಯ ಮದ್ದು. ರಿಸೆಪ್ಟರಿನ ಜೀನಿನಲ್ಲಿ ಒಂದು ಸಣ್ಣ ಬದಲಾವಣೆ ಆದರೂ ಮದ್ದು ಅಂಟದೆ ಹೋಗಬಹುದು. ನಮ್ಮಲ್ಲಿ ಅಬೇಟ್ ಎಂದು ಕರೆಯುವ ಟೆಮೆಫೋಸ್ ಎಂಬ ಲಾರ್ವಾನಾಶಕಕ್ಕೂ ಎಷ್ಟೋ ದೇಶಗಳ ಈಡಿಸ್ ಮರಿಗಳು ಒಗ್ಗಿಕೊಂಡಿವೆ.

ಇಷ್ಟು ದೂರದ ವಿಜ್ಞಾನದಿಂದ ಈ ಮಳೆಗಾಲಕ್ಕೆ ಏನಾದರೂ ಉಪಯೋಗ ಇದೆಯೇ ಎಂದರೆ, ಇದೆ. ಬಿಟಿಐ ಹೊಟ್ಟೆಗೆ ಹೋಗಿ ಕೆಲಸ ಮಾಡುವ ಮದ್ದು. ಮೈಗೆ ತಾಗಿದರೆ ಏನೂ ಆಗುವುದಿಲ್ಲ. ಮರಿ ನಾಲ್ಕು ಹಂತ ದಾಟಿ ಪ್ಯೂಪಾ ಆಗುತ್ತದೆ. ನಾಲ್ಕನೇ ಹಂತದ ಕೊನೆಗೆ ತಿನ್ನುವುದನ್ನು ನಿಲ್ಲಿಸುತ್ತದೆ, ಪ್ಯೂಪಾ ಅಂತೂ ಏನನ್ನೂ ತಿನ್ನುವುದಿಲ್ಲ. ಹಾಗಾಗಿ ನೀರಿನಲ್ಲಿ ಅಲ್ಪವಿರಾಮದ ಆಕಾರದ ಪ್ಯೂಪಾಗಳು ತುಂಬಿಕೊಂಡ ಮೇಲೆ ಬಿಟಿಐ ಹಾಕಿ ಎರಡು ದಿನ ಬಿಟ್ಟು 'ಮದ್ದು ಕೆಲಸ ಮಾಡಲಿಲ್ಲ' ಎಂದರೆ ತಪ್ಪು ಮದ್ದಿನದ್ದಲ್ಲ. ಅಂಥ ನೀರನ್ನು ಸುಮ್ನೆ ಒಣ ನೆಲಕ್ಕೆ ಚೆಲ್ಲಿಬಿಡುವುದೇ ಸರಿ. ಚೆಲ್ಲಲಾಗದ ಕಡೆ ಮರಿಗಳು ಇನ್ನೂ ಚಿಕ್ಕದಿದ್ದಾಗಲೇ ಹಾಕಬೇಕು. ಬಿಸಿಲು ಬೀಳುವ ಕಡೆ, ಕೊಳೆ ಜಾಸ್ತಿ ಇರುವ ಕಡೆ ಅದು ಬೇಗ ಬಲ ಕಳೆದುಕೊಳ್ಳುತ್ತದೆ, ತಿರುಗಿ ಹಾಕಬೇಕಾಗುತ್ತದೆ.

ಮಲೆನಾಡಿನ ತೋಟಗಳಿಗೆ ಇದು ಅಷ್ಟು ಸುಲಭದ ಮಾತಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಒಂದೊಂದು ಎಕರೆ ಅಡಿಕೆ ತೋಟದಲ್ಲಿ ಬಿದ್ದ ಹಾಳೆ ಎಷ್ಟು, ತೆಂಗಿನ ಕರಟ ಎಷ್ಟು, ಬಾಳೆಯ ಎಲೆಬುಡದಲ್ಲಿ ನಿಂತ ನೀರೆಷ್ಟು! ಅಲ್ಲಿ ಹನಿ ಹನಿ ಮದ್ದು ಹಾಕುತ್ತಾ ಹೋಗಲು ಯಾರಿಂದಲೂ ಆಗದು. ಹಾಳೆಯನ್ನು ಹೆಕ್ಕಿ ಸೂರಿನಡಿ ಇಡುವುದು, ಅಥವಾ ಕವುಚಿ ಹಾಕುವುದು, ಅಷ್ಟೇ ದಾರಿ. ಆಳು ಸಿಗದ ಕಾಲದಲ್ಲಿ ಅದೂ ಕಷ್ಟ ಎನ್ನುವುದು ಗೊತ್ತಿದೆ. ರಾಜ್ಯ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕಲು ಅವಕಾಶ ಮಾಡಿತು. ಮನೆ, ಅಂಗಡಿ, ಕಟ್ಟಡ ಕಟ್ಟುವ ಜಾಗಕ್ಕೆ ಆ ಲೆಕ್ಕ ನಡೆದೀತು. ತೋಟಕ್ಕೆ ದಂಡ ಹಾಕಿ ಹಾಳೆ ಹೆಕ್ಕಿಸುವುದು ನಡೆಯುವ ಮಾತಲ್ಲ. ಹಾಳೆ ತಟ್ಟೆ ಮಾಡುವವರು ಒಳ್ಳೆ ಬೆಲೆಗೆ ಕೊಂಡರೆ ತಾನಾಗಿಯೇ ಹೆಕ್ಕಲ್ಪಡುತ್ತದೆ.

ನಾಳೆ ಯಾವುದಾದರೂ ಕಂಪನಿ ಸಿರೊಟೋನಿನ್ ರಿಸೆಪ್ಟರಿನ ಹೊಸ ಮದ್ದು ತಂದರೆ ಅದನ್ನು ಪ್ರಯೋಗಶಾಲೆಯ ಸ್ವಚ್ಛ ನೀರಿನಲ್ಲಿ ಎಷ್ಟು ಮರಿ ಸತ್ತವು ಎಂಬ ಅಂಕಿಯ ಮೇಲೆ ಕೊಳ್ಳಬಾರದು. ಹಾಳೆಯ ಕಂದು ನೀರಿನಲ್ಲಿ ಹಾಕಿ ನೋಡಬೇಕು, ಯಾಕೆಂದರೆ ಆ ಟ್ಯಾನಿನ್ ತುಂಬಿದ ನೀರಿನಲ್ಲೇ ಮರಿಗೆ ಕ್ಷಾರದ ಅಗತ್ಯ ಜಾಸ್ತಿ. ಧಕ್ಕೆಯ ಟೈರಿನ ಸವಳು ನೀರಿನಲ್ಲಿ ನೋಡಬೇಕು, ಅಲ್ಲಿ ಸಿರೊಟೋನಿನ್ ಉಪ್ಪಿನ ಕೆಲಸಕ್ಕೂ ತೊಡಗಿರುತ್ತದೆ. ಬಿಟಿಐ ಹಾಕಿದ ನೀರಿನಲ್ಲಿ, ಬಿಟಿಐ ಜೊತೆಗೇ ಹಾಕಿ, ಎರಡೂ ಸೇರಿದಾಗ ಸಾವು ಏರಿತೋ ಇಳಿಯಿತೋ ಎಂದು ಎಣಿಸಬೇಕು. ಅದೇ ನೀರಿನಲ್ಲಿ ಗಪ್ಪಿಯನ್ನೂ ಸಿಗಡಿ ಮರಿಯನ್ನೂ ಬಿಟ್ಟು ನೋಡಬೇಕು. ಈ ನಾಲ್ಕರಲ್ಲಿ ಬಿಟಿಐ ಜೊತೆಗಿನ ಪರೀಕ್ಷೆಯಲ್ಲಿ ಸೋತರೆ, ಉಳಿದ ಮೂರರಲ್ಲಿ ಗೆದ್ದರೂ ನಮ್ಮ ಜಿಲ್ಲೆಗೆ ಅದು ಬೇಡ.